ಬೇಸಿಗೆ ಶಿಬಿರ ಮುಗಿದ ಮೇಲೆ ಬಡಾವಣೆಯ ಈಜುಕೊಳವನ್ನು ಮುಚ್ಚಬೇಕೇ, ನಡೆಸಬೇಕೇ?

ಕೊಳದ ಉಸ್ತುವಾರಿ (ಹಾಸನ)

ಎಲ್ಲರಿಗೂ ನಮಸ್ಕಾರ. ಹಾಸನದ ನಮ್ಮ ಬಡಾವಣೆಯ ನಿವಾಸಿಗಳ ಸಂಘ ನಡೆಸುವ ಈಜುಕೊಳದ ಜವಾಬ್ದಾರಿ ಈ ವರ್ಷ ನನ್ನ ಪಾಲಿಗೆ ಬಂದಿದೆ. ಕೊಳ 25 ಮೀಟರ್ ಉದ್ದ, 10 ಮೀಟರ್ ಅಗಲವಿದ್ದು, ಒಂದು ತುದಿಯಲ್ಲಿ ಮೂರು ಅಡಿ, ಇನ್ನೊಂದು ತುದಿಯಲ್ಲಿ ಆರು ಅಡಿ ಆಳವಿದೆ. ಅಂದರೆ ಸುಮಾರು 3.4 ಲಕ್ಷ ಲೀಟರ್ ನೀರು. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಮಕ್ಕಳ ಶಿಬಿರಕ್ಕೆ ಸ್ಥಳವಿಲ್ಲವೆಂದು ಜನರನ್ನು ಹಿಂದಕ್ಕೆ ಕಳುಹಿಸುತ್ತೇವೆ. ಜೂನ್‌ನಲ್ಲಿ ಶಾಲೆ ತೆರೆದು ಮೃಗಶಿರ ಮಳೆ ಹಿಡಿದರೆ ಬೆಳಗಿನ ಬ್ಯಾಚಿಗೆ ಬೆರಳೆಣಿಕೆಯಷ್ಟು ಜನ ಬರುತ್ತಾರೆ. ಧನುರ್ಮಾಸದಲ್ಲಂತೂ ಕಾವಲುಗಾರನ ಹೊರತು ಯಾರೂ ಇರುವುದಿಲ್ಲ.

ಬೇಸಿಗೆಯ ಎರಡು ತಿಂಗಳು ಮಾತ್ರ ಗುತ್ತಿಗೆದಾರರಿಗೆ ವಹಿಸಿ, ಉಳಿದ ಹತ್ತು ತಿಂಗಳು ಕೊಳವನ್ನು ಖಾಲಿ ಮಾಡಿ ಬೀಗ ಹಾಕೋಣವೆಂಬ ಪ್ರಸ್ತಾಪವನ್ನು ಸಮಿತಿಯ ಕೆಲವರು ಮುಂದಿಟ್ಟಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಆದರೆ ಸಾಮಾನ್ಯ ಸಭೆಯಲ್ಲಿ ವಾದಿಸಲು ಲೆಕ್ಕ ಬೇಕು. ಇಂಥ ಕೊಳ ನಡೆಸಿದ ಅನುಭವವುಳ್ಳವರು, ವರ್ಷವಿಡೀ ಯಾವ ಕಾರ್ಯಕ್ರಮಗಳನ್ನು ಇಟ್ಟುಕೊಳ್ಳಬಹುದು ಮತ್ತು ಮುಚ್ಚಿದರೆ ನಿಜವಾಗಿ ಎಷ್ಟು ಉಳಿಯುತ್ತದೆ ಎಂಬುದನ್ನು ದಯವಿಟ್ಟು ತಿಳಿಸಿ.

ಎರಡನೇ ಅಡ್ಡರಸ್ತೆ

ನಾನು ಅದೇ ಬಡಾವಣೆಯವನು, ಮುಚ್ಚಬೇಕೆನ್ನುವ ಪಕ್ಷದವನೂ ಹೌದು. ಆದ್ದರಿಂದ ನೇರವಾಗಿ ಹೇಳುತ್ತೇನೆ. ನೀರಿಗೆ ಇಳಿಯುವ ಮನೆಗಳು ಕೆಲವೇ, ಆದರೆ ನಿರ್ವಹಣಾ ಶುಲ್ಕವನ್ನು ಎಲ್ಲ ಮನೆಗಳೂ ಕಟ್ಟುತ್ತವೆ. ಯಾರೂ ಈಜದ ಕೊಳಕ್ಕೆ ಮೋಟಾರು ಓಡಿಸಿ, ಔಷಧಿ ಸುರಿದು, ಸಂಬಳ ಕೊಡುವುದು ಯಾವ ನ್ಯಾಯ? ನೀರು ಬಿಟ್ಟು ಒಣಗಿಸಿದರೆ ಖರ್ಚೇ ಇರುವುದಿಲ್ಲ.

ನಿವೃತ್ತ ಇಂಜಿನಿಯರ್

ಒಣಗಿಸುವ ಮಾತನ್ನು ಇಲ್ಲಿಗೇ ನಿಲ್ಲಿಸಿ. ಮಳೆಗಾಲದಲ್ಲಿ ಈಜುಕೊಳವನ್ನು ಖಾಲಿ ಬಿಡುವುದು ಅತ್ಯಂತ ಅಪಾಯಕಾರಿ ಉಳಿತಾಯ. ಜುಲೈ ಹೊತ್ತಿಗೆ ಅಂತರ್ಜಲ ಮೇಲೇರಿ ಕೊಳದ ತಳದ ಸುತ್ತ ನಿಂತರೆ, ಆ ನೀರು ತಳವನ್ನು ಕೆಳಗಿನಿಂದ ಮೇಲಕ್ಕೆ ಒತ್ತುತ್ತದೆ. ಕೊಳ ತುಂಬಿದ್ದಾಗ ಒಳಗಿನ 340 ಟನ್ ನೀರಿನ ಭಾರ ಆ ಒತ್ತಡವನ್ನು ತಡೆಯುತ್ತದೆ. ಖಾಲಿಯಿದ್ದಾಗ ತಡೆಯಲು ಕಾಂಕ್ರೀಟಿನ ಸ್ವಂತ ತೂಕ ಮಾತ್ರ ಉಳಿಯುತ್ತದೆ. ತಳ ಉಬ್ಬಿ ಸೀಳುವುದು, ಟೈಲ್ಸ್ ಏಳುವುದು, ಕೆಲವೊಮ್ಮೆ ಇಡೀ ತೊಟ್ಟಿಯೇ ದೋಣಿಯಂತೆ ಮೇಲೇಳುವುದು ಹೀಗೆ. ದುರಸ್ತಿಗಾಗಿ ಖಾಲಿ ಮಾಡಲೇಬೇಕಿದ್ದರೆ ಫೆಬ್ರುವರಿ ಅಥವಾ ಮಾರ್ಚ್‌ನಲ್ಲಿ, ಅಂತರ್ಜಲ ಇಳಿದಿರುವಾಗ ಮಾಡಿ, ಮತ್ತು ಬೇಗ ತುಂಬಿಸಿ.

ಹೇಮಾವತಿ ತೀರ

ಹಾಗಿದ್ದರೆ ನೀರು ತುಂಬಿಸಿಯೇ ಇಟ್ಟು, ಮೋಟಾರನ್ನಷ್ಟೇ ನಿಲ್ಲಿಸಿದರಾಯಿತಲ್ಲ?

ನಿವೃತ್ತ ಇಂಜಿನಿಯರ್

ನಿಲ್ಲಿಸಿ ನೋಡಿ, ಹದಿನೈದು ದಿನಕ್ಕೆ ಹಸಿರು ಪಾಚಿ, ಅದರ ಮೇಲೆ ಸೊಳ್ಳೆಯ ಮರಿ. 2024ರಲ್ಲಿ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ರಾಜ್ಯ ಸರ್ಕಾರವೇ ಅಧಿಸೂಚಿಸಿತು. ಹೂಕುಂಡದ ತಟ್ಟೆಯಲ್ಲಿ ನೀರು ನಿಂತರೆ ಆಕ್ಷೇಪಿಸುವ ನಾವು 3.4 ಲಕ್ಷ ಲೀಟರ್ ನಿಂತ ನೀರನ್ನು ಬಡಾವಣೆಯ ನಡುವೆ ಇಟ್ಟುಕೊಳ್ಳುವುದೇ? ಲಾರ್ವಾ ತಿನ್ನುವ ಗಾಂಬೂಸಿಯಾ ಮೀನು ಬಿಡಬಹುದು, ನಿಜ. ಆದರೆ ಮೀನು ಬಿಟ್ಟ ಮೇಲೆ ಅದು ಕೆರೆಯಾಗುತ್ತದೆ, ಈಜುಕೊಳವಾಗಿ ಉಳಿಯುವುದಿಲ್ಲ.

ಮೋಟಾರು ರಿಪೇರಿ

ವಿದ್ಯುತ್ತಿನ ಲೆಕ್ಕವನ್ನು ನಾನು ಕೊಡುತ್ತೇನೆ. ನಿಮ್ಮ ಅಳತೆಯ ಕೊಳದ ನೀರು ಆರು ಗಂಟೆಗೊಮ್ಮೆ ಪೂರ್ತಿ ಫಿಲ್ಟರ್ ಮೂಲಕ ಹಾದು ಬರಬೇಕೆಂದರೆ ಗಂಟೆಗೆ 57 ಸಾವಿರ ಲೀಟರ್ ಹರಿಯಬೇಕು. ಸಾಮಾನ್ಯವಾಗಿ 5 ಅಶ್ವಶಕ್ತಿಯ ಮೋಟಾರು ಇರುತ್ತದೆ ಎಂದುಕೊಳ್ಳೋಣ. ಅದು ಗಂಟೆಗೆ ಸುಮಾರು 3.7 ಯೂನಿಟ್ ತಿನ್ನುತ್ತದೆ. ಬೇಸಿಗೆಯಲ್ಲಿ ದಿನಕ್ಕೆ 12 ಗಂಟೆ ಓಡಿಸಿದರೆ ತಿಂಗಳಿಗೆ ಹೆಚ್ಚು ಕಡಿಮೆ 1,350 ಯೂನಿಟ್. ಈಜುವವರು ಕಡಿಮೆಯಿರುವ ತಿಂಗಳುಗಳಲ್ಲಿ 6 ಗಂಟೆ ಸಾಕು. ಅಲ್ಲಿಗೆ ಅರ್ಧ ಇಳಿಯಿತು. ಸೆಸ್ಕ್ ಬಿಲ್ಲಿನಲ್ಲಿ ಉಳಿಯಬಹುದಾದದ್ದು ಇಷ್ಟೇ. ಮೋಟಾರನ್ನು ಹತ್ತು ತಿಂಗಳು ಮುಟ್ಟದೆ ಬಿಟ್ಟರೆ ಸೀಲ್ ಒಣಗಿ, ಬೇರಿಂಗ್ ಹಿಡಿದು, ಮಾರ್ಚ್‌ನಲ್ಲಿ ನನ್ನಂಥವರಿಗೆ ಒಳ್ಳೆಯ ಕೆಲಸ ಸಿಗುತ್ತದೆ ಎಂಬುದನ್ನೂ ಸೇರಿಸಿಕೊಳ್ಳಿ.

ಇನ್ನೊಂದು ವಿಷಯ. ಗಡಿಯಾರ ನೋಡಿ ಬ್ಯಾಕ್‌ವಾಶ್ (ನೀರನ್ನು ಹಿಮ್ಮುಖವಾಗಿ ಹರಿಸಿ ಫಿಲ್ಟರ್ ತೊಳೆಯುವುದು) ಮಾಡಬೇಡಿ, ಫಿಲ್ಟರಿನ ಒತ್ತಡದ ಮೀಟರ್ ನೋಡಿ ಮಾಡಿ. ಶುಚಿಯಾಗಿದ್ದಾಗಿನ ಒತ್ತಡಕ್ಕಿಂತ 8ರಿಂದ 10 ಪಿಎಸ್‌ಐ ಏರಿದಾಗ ಮಾತ್ರ ಅದು ಬೇಕು. ದಿನವೂ ಬ್ಯಾಕ್‌ವಾಶ್ ಮಾಡುವ ಹುಡುಗರು ಸಾವಿರಾರು ಲೀಟರ್ ಒಳ್ಳೆಯ ನೀರನ್ನು ಚರಂಡಿಗೆ ಬಿಡುತ್ತಾರೆ.

ಎರಡನೇ ಅಡ್ಡರಸ್ತೆ

ವಿದ್ಯುತ್ ಸರಿ, ಔಷಧಿಯ ಖರ್ಚು? ಕಳೆದ ಬೇಸಿಗೆಯಲ್ಲಿ ಡಬ್ಬಗಟ್ಟಲೆ ಕ್ಲೋರಿನ್ ತಂದು ಸುರಿದರೂ ನನ್ನ ಮೊಮ್ಮಗನ ಕಣ್ಣು ಕೆಂಪಾಗುವುದು ತಪ್ಪಲಿಲ್ಲ. ಕ್ಲೋರಿನ್ ಅತಿಯಾಯಿತೆಂದು ಅದರ ವಾಸನೆಯಲ್ಲೇ ಗೊತ್ತಾಗುತ್ತಿತ್ತು.

ರಸಾಯನ ಮೇಷ್ಟ್ರು

ಸ್ವಾಮಿ, ಆ ವಾಸನೆ ಬರುವುದು ಬಹುಪಾಲು ಕ್ಲೋರಿನ್ ಸಾಲದಿದ್ದಾಗ. ಬೆವರು ಮತ್ತು ಮೂತ್ರದಲ್ಲಿರುವ ಸಾರಜನಕದ ಸಂಯುಕ್ತಗಳೊಡನೆ ಕ್ಲೋರಿನ್ ಕೂಡಿದಾಗ ಕ್ಲೋರಮೈನ್ ಹುಟ್ಟುತ್ತದೆ. ಮೂಗಿಗೆ ಹೊಡೆಯುವ ವಾಸನೆಯೂ ಕಣ್ಣುರಿಯೂ ಅದರಿಂದಲೇ. ಮಕ್ಕಳು ಸೋಪು ಹಚ್ಚಿ ಸ್ನಾನ ಮಾಡಿ, ಶೌಚಾಲಯಕ್ಕೆ ಹೋಗಿಬಂದು ನೀರಿಗಿಳಿದರೆ ನಿಮ್ಮ ಔಷಧಿಯ ಖರ್ಚು ತಾನಾಗಿಯೇ ಇಳಿಯುತ್ತದೆ.

ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಉಸ್ತುವಾರಿಯವರ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. ಕೊಳದಲ್ಲಿ ಸ್ವತಂತ್ರ ಕ್ಲೋರಿನ್, ಅಂದರೆ ಕೊಳೆಯೊಡನೆ ಇನ್ನೂ ಕೂಡದೆ ಉಳಿದ ಕ್ಲೋರಿನ್, 1ರಿಂದ 3 ಪಿಪಿಎಂ (ಹತ್ತು ಲಕ್ಷ ಪಾಲು ನೀರಿಗೆ ಇಷ್ಟು ಪಾಲು) ಇರಬೇಕು, ನೀರಿನ ಆಮ್ಲ–ಕ್ಷಾರ ಗುಣವನ್ನು ತೋರಿಸುವ ಪಿಎಚ್ 7.2ರಿಂದ 7.6ರ ಆಸುಪಾಸಿನಲ್ಲಿರಬೇಕು. ಪಿಎಚ್ ಮುಖ್ಯವಾಗುವುದು ಈ ಕಾರಣಕ್ಕೆ: ರೋಗಾಣುಗಳನ್ನು ಚುರುಕಾಗಿ ಕೊಲ್ಲುವ ಹೈಪೋಕ್ಲೋರಸ್ ಆಮ್ಲದ ರೂಪದಲ್ಲಿ, ಪಿಎಚ್ 7.5 ಇದ್ದಾಗ ನೀವು ಹಾಕಿದ ಕ್ಲೋರಿನ್ನಿನ ಸುಮಾರು ಅರ್ಧ ಇರುತ್ತದೆ. ಪಿಎಚ್ 8ಕ್ಕೆ ಏರಿದರೆ ನಾಲ್ಕರಲ್ಲಿ ಒಂದು ಪಾಲೂ ಇರುವುದಿಲ್ಲ. ಪಿಎಚ್ ನೋಡದೆ ಕ್ಲೋರಿನ್ ಸುರಿಯುವವರು ದುಡ್ಡನ್ನೇ ನೀರಿಗೆ ಸುರಿಯುತ್ತಿದ್ದಾರೆ. 3.4 ಲಕ್ಷ ಲೀಟರಿಗೆ 1 ಪಿಪಿಎಂ ಅಂದರೆ 340 ಗ್ರಾಂ ಕ್ಲೋರಿನ್. ಮೂರನೇ ಒಂದು ಪಾಲು ಕ್ಲೋರಿನ್ ಇರುವ ತಾಜಾ ಬ್ಲೀಚಿಂಗ್ ಪುಡಿಯಾದರೆ ಸುಮಾರು ಒಂದು ಕಿಲೋ. ಅದನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ಸೂರ್ಯ ಮುಳುಗಿದ ಮೇಲೆ ಹಾಕಬೇಕು. ಮಧ್ಯಾಹ್ನ ಹಾಕಿದರೆ ಬಿಸಿಲೇ ಅದನ್ನು ತಿಂದು ಮುಗಿಸುತ್ತದೆ.

ಬಿಸಿಲಿಗೆ ಅಷ್ಟು ಬೇಗ ನಾಶವಾಗದ, ಟಿಸಿಸಿಎ ಎಂಬ ಕ್ಲೋರಿನ್ ಹರಳುಗಳನ್ನು ಈಗ ಎಲ್ಲರೂ ಬಳಸುತ್ತಾರೆ. ಅದರಲ್ಲಿ ಸಯನೂರಿಕ್ ಆಮ್ಲ ಸೇರಿರುತ್ತದೆ. ಕ್ಲೋರಿನ್ ಖರ್ಚಾಗುತ್ತದೆ, ಆ ಆಮ್ಲ ನೀರಿನಲ್ಲೇ ಉಳಿಯುತ್ತದೆ. ಪ್ರತಿ 10 ಪಿಪಿಎಂ ಕ್ಲೋರಿನ್ನಿನೊಡನೆ 6 ಪಿಪಿಎಂನಷ್ಟು ಸಯನೂರಿಕ್ ಆಮ್ಲ ಸೇರುತ್ತದೆ. ದಿನಕ್ಕೆ 3 ಪಿಪಿಎಂನಂತೆ ಎರಡು ತಿಂಗಳ ಶಿಬಿರ ನಡೆಸಿದರೆ ಮೇ ಕೊನೆಗೆ ಅದು 100 ದಾಟಿರುತ್ತದೆ. ಆ ಮಟ್ಟದಲ್ಲಿ ಕ್ಲೋರಿನ್ ಇದ್ದೂ ಇಲ್ಲದಂತೆ ಮಂದವಾಗುತ್ತದೆ. ಮೀಟರ್ ಸರಿಯಾಗಿ ತೋರಿಸುತ್ತಿದ್ದರೂ ಪಾಚಿ ಬರುತ್ತದೆ. ಇದಕ್ಕೆ ಮದ್ದು ಒಂದೇ, ಸ್ವಲ್ಪ ಸ್ವಲ್ಪವಾಗಿ ಹಳೆಯ ನೀರು ತೆಗೆದು ಹೊಸ ನೀರು ಸೇರಿಸುವುದು. ನಿಮ್ಮ ಕೊಳದ ಮೇಲೆ ಒಂದು ಇಂಚು ಮಳೆ ಬಿದ್ದರೆ 6 ಸಾವಿರ ಲೀಟರ್ ಹೊಸ ನೀರು ಬಂದಂತೆ. ಆದ್ದರಿಂದ ಜೂನ್–ಜುಲೈ ನಿಮ್ಮ ಕೊಳದ ಆರೋಗ್ಯ ಸುಧಾರಿಸುವ ಕಾಲ. ಆ ತಿಂಗಳುಗಳಲ್ಲಿ ಮೋಟಾರು ಓಡುತ್ತಿರಬೇಕು, ಪಿಎಚ್ ನೋಡುತ್ತಿರಬೇಕು. ಮಳೆನೀರಿನಿಂದ ಕ್ಷಾರೀಯತೆ ಇಳಿದರೆ ಅಡುಗೆ ಸೋಡಾದಿಂದ ಸರಿಪಡಿಸಬಹುದು.

ಕೊನೆಯದಾಗಿ, ಬ್ಲೀಚಿಂಗ್ ಪುಡಿಯನ್ನೂ ಟಿಸಿಸಿಎಯನ್ನೂ ಒಂದೇ ಬಕೆಟ್ಟಿನಲ್ಲಿ, ಒಂದೇ ಚಮಚದಲ್ಲಿ ಕೂಡ, ಎಂದೂ ಬೆರೆಸಬೇಡಿ. ವಿಷಾನಿಲ ಹೊರಡುತ್ತದೆ, ಸಿಡಿಯಲೂಬಹುದು.

ಎರಡನೇ ಅಡ್ಡರಸ್ತೆ

ಮೇಷ್ಟ್ರ ಪಾಠ ಚೆನ್ನಾಗಿದೆ. ಆದರೆ ಇದನ್ನೆಲ್ಲ ನೋಡಿಕೊಳ್ಳುವವರು ಯಾರು? ನಮ್ಮ ಕಾವಲುಗಾರನಿಗೆ ಪಿಎಚ್ ಎಂದರೆ ಏನೆಂದು ಗೊತ್ತಿಲ್ಲ.

ರಸಾಯನ ಮೇಷ್ಟ್ರು

ಬಣ್ಣ ಹೋಲಿಸಿ ನೋಡುವ ಕಿಟ್ ಸಾಕು. ಹತ್ತನೇ ತರಗತಿಯ ಹುಡುಗ ಐದು ನಿಮಿಷದಲ್ಲಿ ಕಲಿಯುತ್ತಾನೆ. ಬೆಳಿಗ್ಗೆ ಮತ್ತು ಸಂಜೆ ನೋಡಿ ಒಂದು ಹಲಗೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯಲಿ. ಭಾರತೀಯ ಮಾನಕ ಬ್ಯೂರೋದ ಐಎಸ್ 3328 ಎಂಬ ಮಾನಕ ಈಜುಕೊಳದ ನೀರಿನ ಗುಣಮಟ್ಟದ ಕುರಿತೇ ಇದೆ. ಸಂಘ ಅದರ ಪ್ರತಿಯನ್ನು ತರಿಸಿಕೊಳ್ಳಲಿ.

ಗಿರಿಯ ತಪ್ಪಲು (ಚಿಕ್ಕಮಗಳೂರು)

ನೀರಿನ ಮಾತು ಮುಗಿಯಿತೆಂದುಕೊಂಡು ಚಳಿಯ ಮಾತಿಗೆ ಬರುತ್ತೇನೆ. ನಮ್ಮದು ನಿಮಗಿಂತ ಎತ್ತರದ ಊರು; ಡಿಸೆಂಬರ್ ಮುಂಜಾವಿನಲ್ಲಿ ಕೊಳಕ್ಕಿಳಿಯುವುದು ತಪಸ್ಸೇ ಸರಿ. ನಾವು ಸದಸ್ಯರಾಗಿರುವ ಕೊಳದಲ್ಲಿ ಬೆಳಗಿನ ಬ್ಯಾಚನ್ನು ಬಲವಂತವಾಗಿ ನಡೆಸಿ ಸೋತ ಮೇಲೆ, ಚಳಿಗಾಲದ ಸಮಯವನ್ನು ಬೆಳಿಗ್ಗೆ 11ರಿಂದ ಮಧ್ಯಾಹ್ನ 3ಕ್ಕೆ ಬದಲಿಸಿದರು. ಆ ಹೊತ್ತಿನಲ್ಲಿ ಬರಬಲ್ಲವರು ನಿವೃತ್ತರು ಮತ್ತು ಮನೆಯಲ್ಲಿರುವ ಮಹಿಳೆಯರು. ಮಂಡಿನೋವಿನವರಿಗೆ ಎದೆಮಟ್ಟದ ನೀರಿನಲ್ಲಿ ನಡೆಯುವ ವ್ಯಾಯಾಮ ಶುರುವಾಯಿತು; ಎದೆಮಟ್ಟದ ನೀರಿನಲ್ಲಿ ದೇಹದ ತೂಕದ ಬಹುಭಾಗವನ್ನು ನೀರೇ ಹೊರುವುದರಿಂದ ನೆಲದ ಮೇಲೆ ನಡೆಯಲಾಗದವರೂ ಅಲ್ಲಿ ಸರಾಗವಾಗಿ ನಡೆಯುತ್ತಾರೆ. ಈಜು ಬರಬೇಕೆಂದೇನೂ ಇಲ್ಲ. ಈಗ ಆ ತಂಡದವರೇ ಕೊಳ ಮುಚ್ಚಬಾರದೆಂದು ಜಗಳವಾಡುವ ಮುಂದಾಳುಗಳು.

ಹೇಮಾವತಿ ತೀರ

ಸೋಲಾರ್ ಹೀಟರ್ ಹಾಕಿಸಿದರೆ ಮುಂಜಾನೆಯೂ ಈಜಬಹುದಲ್ಲವೇ? ಪ್ರತಿ ಮನೆಯ ಮೇಲೂ ಒಂದೊಂದು ಇದೆ.

ನಿವೃತ್ತ ಇಂಜಿನಿಯರ್

3.4 ಲಕ್ಷ ಲೀಟರ್ ನೀರನ್ನು ಒಂದೇ ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 400 ಯೂನಿಟ್ ಶಾಖ ಬೇಕು. ಮನೆಯ 200 ಲೀಟರಿನ ಸೋಲಾರ್ ಹೀಟರ್ ಒಳ್ಳೆಯ ಬಿಸಿಲಿನ ದಿನ ಕೊಡುವುದು 8 ಯೂನಿಟ್‌ನ ಆಸುಪಾಸು. ಅಂದರೆ 50 ಮನೆಗಳ ಹೀಟರುಗಳು ದಿನವಿಡೀ ದುಡಿದರೆ ಒಂದು ಡಿಗ್ರಿ, ಅದೂ ರಾತ್ರಿಯ ಚಳಿಗೆ ಹೊರಟುಹೋಗುತ್ತದೆ. ಅದಕ್ಕಿಂತ ರಾತ್ರಿ ಹೊತ್ತು ಕೊಳದ ಮೇಲೆ ಹೊದಿಕೆ ಹಾಸುವುದು ಅಗ್ಗ. ಕೊಳ ಕಳೆದುಕೊಳ್ಳುವ ಶಾಖದ ಬಹುಪಾಲು ಆವಿಯ ಮೂಲಕವೇ ಹೋಗುತ್ತದೆ. ಹೊದಿಕೆ ಶಾಖವನ್ನೂ ನೀರನ್ನೂ ಒಟ್ಟಿಗೆ ಉಳಿಸುತ್ತದೆ, ಎಲೆಕಸವನ್ನೂ ತಡೆಯುತ್ತದೆ. ಹೊದಿಕೆ ಅರ್ಧ ಮುಚ್ಚಿರುವಾಗ ಯಾರನ್ನೂ ನೀರಿಗೆ ಬಿಡಬಾರದೆಂಬ ಒಂದು ಎಚ್ಚರಿಕೆ ಮಾತ್ರ ಬೇಕು; ಅದರಡಿ ಸಿಕ್ಕಿದವರು ಕಾಣುವುದಿಲ್ಲ.

ಮಾಜಿ ಈಜುಗಾರ್ತಿ

ನಾನು ಹಲವು ವರ್ಷ ಮಕ್ಕಳಿಗೆ ಕಲಿಸಿದ್ದೇನೆ. ಇಲ್ಲಿ ಎಲ್ಲರೂ ನೀರು ಮತ್ತು ಮೋಟಾರಿನ ಬಗ್ಗೆ ಮಾತನಾಡುತ್ತಿದ್ದೀರಿ, ಕಲಿಸುವುದರ ಬಗ್ಗೆ ಯಾರೂ ಮಾತನಾಡಲಿಲ್ಲ. ಆದ್ದರಿಂದ ನನ್ನದು ಸ್ವಲ್ಪ ಉದ್ದವಾಗುತ್ತದೆ.

ಬೇಸಿಗೆ ಶಿಬಿರಗಳ ದೊಡ್ಡ ದೋಷವೆಂದರೆ 21 ದಿನಗಳಲ್ಲಿ ಈಜು ಕಲಿಸಿಬಿಡುತ್ತೇವೆಂಬ ಫಲಕ. ಆ ಅವಧಿಯಲ್ಲಿ ಹೆಚ್ಚಿನ ಮಕ್ಕಳು ನೀರಿನ ಹೆದರಿಕೆ ಬಿಟ್ಟು, ಕಾಲು ಬಡಿದು, ಅಡ್ಡಾದಿಡ್ಡಿ ಹತ್ತು ಮೀಟರ್ ಹೋಗುವಷ್ಟಾಗುತ್ತಾರೆ. ಪೋಷಕರು ಪ್ರಮಾಣಪತ್ರ ಹಿಡಿದು, ಮಗುವಿಗೆ ಈಜು ಬರುತ್ತದೆಂದು ನಂಬಿ ಮುಂದಿನ ವಾರ ಹೊಳೆಗೆ ಕರೆದೊಯ್ಯುತ್ತಾರೆ. ಹೆದರಿಕೆ ಹೋಗಿ ಕೌಶಲ ಬಾರದಿರುವ ಈ ಮಧ್ಯದ ಸ್ಥಿತಿ ಏನೂ ಬಾರದಿರುವುದಕ್ಕಿಂತ ಅಪಾಯಕರ. ಜೂನ್ ನಂತರದ ಶನಿವಾರ–ಭಾನುವಾರದ ತರಗತಿಗಳು ಇರಬೇಕಾದದ್ದು ಇದಕ್ಕೇ. ಬೇಸಿಗೆಯ ಶುಲ್ಕ ಕಟ್ಟುವಾಗಲೇ ಸೆಪ್ಟೆಂಬರ್‌ವರೆಗಿನ ವಾರಾಂತ್ಯದ ತರಗತಿಗಳನ್ನೂ ಸೇರಿಸಿ ಒಂದೇ ಮೊತ್ತ ಇಡಿ. ಅರ್ಧದಷ್ಟು ಮಕ್ಕಳು ಮುಂದುವರಿದರೂ ಕೊಳ ಬಣಗುಟ್ಟುವುದಿಲ್ಲ.

ಪ್ರಮಾಣಪತ್ರ ಕೊಡುವ ಮುನ್ನ ಒಂದು ಪರೀಕ್ಷೆ ಇರಲಿ. ಆಳದ ಕಡೆ ನೀರಿಗೆ ಬಿದ್ದು, ಮೇಲೆದ್ದು, ಅಂಗಾತ ತಿರುಗಿ ಒಂದು ನಿಮಿಷ ತೇಲಿ, ಬಳಿಕ 25 ಮೀಟರ್ ಯಾವ ಶೈಲಿಯಲ್ಲಾದರೂ ಈಜಿ, ಏಣಿಯ ಸಹಾಯವಿಲ್ಲದೆ ದಡ ಹತ್ತಬೇಕು. ಒಮ್ಮೆಯಾದರೂ ಮೈಮೇಲೆ ಅಂಗಿ ಚಡ್ಡಿ ಇರುವಾಗ ಇದನ್ನು ಮಾಡಿಸಿ, ಏಕೆಂದರೆ ಕೆರೆಗೆ ಬೀಳುವ ಮಗು ಕಾಸ್ಟ್ಯೂಮ್ ತೊಟ್ಟಿರುವುದಿಲ್ಲ. ಕಲಿಯುವ ಹಂತದ ಎಂಟು–ಹತ್ತು ಮಕ್ಕಳಿಗೆ ಒಬ್ಬ ತರಬೇತುದಾರರು ಬೇಕೇ ಬೇಕು. ಇಪ್ಪತ್ತೈದು ಮಕ್ಕಳಿಗೆ ಒಬ್ಬರನ್ನಿಟ್ಟು ಶುಲ್ಕ ಸಂಗ್ರಹಿಸುವ ಗುತ್ತಿಗೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮಹಿಳೆಯರ ಬ್ಯಾಚಿಗೆ ಮಹಿಳಾ ತರಬೇತುದಾರರು, ಮಹಿಳಾ ಜೀವರಕ್ಷಕರು, ಹೊರಗಿನಿಂದ ಕಾಣದಂಥ ಆವರಣ ಇವು ಇದ್ದರೆ ಜನ ತಾವಾಗಿಯೇ ಬರುತ್ತಾರೆ. ನಲವತ್ತು ದಾಟಿದ ಎಷ್ಟೋ ಹೆಂಗಸರು ಬಾಲ್ಯದಲ್ಲಿ ಅಣ್ಣತಮ್ಮಂದಿರು ಬಾವಿಯಲ್ಲಿ ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ಕಲಿಯುವುದನ್ನು ದಡದಲ್ಲಿ ನಿಂತು ನೋಡಿದವರು. ಅವರ ಉತ್ಸಾಹ ಮಕ್ಕಳಿಗಿಂತ ಹೆಚ್ಚು.

ಮೂರನೇ ಮುಖ್ಯರಸ್ತೆ

ಉಡುಪಿನ ವಿಚಾರದಲ್ಲಿ ಬಿಗಿ ಮಾಡಿದರೆ ನಮ್ಮ ಮನೆಯ ಹೆಂಗಸರು ಬರುವುದಿಲ್ಲ. ಚೂಡಿದಾರ್ ತೊಟ್ಟು ಇಳಿದರೆ ಏನು ತಪ್ಪು?

ಮಾಜಿ ಈಜುಗಾರ್ತಿ

ಮೈ ತುಂಬ ಮುಚ್ಚುವ ಉಡುಪಿಗೆ ನನ್ನ ಆಕ್ಷೇಪಣೆಯಿಲ್ಲ, ಹತ್ತಿ ಬಟ್ಟೆಗೆ ಇದೆ. ಹತ್ತಿ ನೀರು ಕುಡಿದು ಭಾರವಾಗಿ ಕೈಕಾಲು ಎಳೆಯುತ್ತದೆ, ಅದರ ನೂಲೆಳೆ ಫಿಲ್ಟರಿಗೆ ಸೇರುತ್ತದೆ. ದುಪಟ್ಟಾ ಅಂತೂ ಬೇಡವೇ ಬೇಡ. ಮೊಣಕೈ, ಪಾದದವರೆಗೆ ಮುಚ್ಚುವ ನೈಲಾನ್ ಉಡುಪು ಈಗ ಎಲ್ಲ ಕಡೆ ಸಿಗುತ್ತದೆ. ತಲೆಗೆ ಕ್ಯಾಪ್ ಕಡ್ಡಾಯ; ಎಣ್ಣೆ ಹಚ್ಚಿದ ತಲೆಯಲ್ಲಿ ಇಳಿಯುವಂತಿಲ್ಲ.

ಕಿವಿ ಮೂಗು ಗಂಟಲು

ವೈದ್ಯನಾಗಿ ಎರಡು ಮಾತು. ಈಜಿ ಬಂದ ಮೇಲೆ ಕಿವಿಗೆ ಹತ್ತಿಕಡ್ಡಿ ಹಾಕುವುದನ್ನು ದಯವಿಟ್ಟು ಬಿಡಿ; ಬೇಸಿಗೆ ಶಿಬಿರದ ದಿನಗಳಲ್ಲಿ ನನ್ನಲ್ಲಿಗೆ ಬರುವ ಕಿವಿನೋವಿನ ಮಕ್ಕಳಲ್ಲಿ ಹೆಚ್ಚಿನವರಿಗೆ ನೀರಿಗಿಂತ ಕಡ್ಡಿಯಿಂದಾದ ಗಾಯವೇ ಮೂಲವಾಗಿರುತ್ತದೆ. ತಲೆ ಓರೆ ಮಾಡಿ ನೀರು ಇಳಿಸಿ, ಹೊರಗಿವಿಯನ್ನು ಒರೆಸಿದರೆ ಸಾಕು. ಕಿವಿಯ ತಮಟೆ ತೂತಾಗಿರುವ ಅಥವಾ ಕಿವಿ ಸೋರುವ ಮಕ್ಕಳು ವೈದ್ಯರನ್ನು ಕೇಳದೆ ಇಳಿಯಬಾರದು. ಅಪಸ್ಮಾರದ ವಿಷಯವನ್ನು ಪ್ರವೇಶ ಅರ್ಜಿಯಲ್ಲೇ ಕೇಳಿ, ಮುಚ್ಚಿಡುವ ಪೋಷಕರಿದ್ದಾರೆ.

ಎರಡನೆಯದು, ಭೇದಿಯಾಗುತ್ತಿರುವ ಮಗುವನ್ನು ಕೊಳಕ್ಕೆ ಕಳುಹಿಸಲೇಬಾರದು. ಇ. ಕೋಲಿಯಂಥ ಬ್ಯಾಕ್ಟೀರಿಯಾ ಸರಿಯಾದ ಕ್ಲೋರಿನ್ನಿನಲ್ಲಿ ನಿಮಿಷದೊಳಗೆ ಸಾಯುತ್ತದೆ; ಆದರೆ ಕ್ರಿಪ್ಟೋಸ್ಪೊರಿಡಿಯಂ ಎಂಬ ಪರೋಪಜೀವಿ ಅದೇ ನೀರಿನಲ್ಲಿ ವಾರಕ್ಕೂ ಹೆಚ್ಚು ಕಾಲ ಬದುಕಬಲ್ಲದು. ನೆರೆಯ ಕೇರಳದಲ್ಲಿ 2024ರಿಂದ ಸುದ್ದಿಯಲ್ಲಿರುವ ಮಿದುಳು ತಿನ್ನುವ ಅಮೀಬಾದ ಭಯದಿಂದ ಕೆಲವರು ಮಕ್ಕಳನ್ನು ಬಿಡಿಸುತ್ತಿದ್ದಾರೆ. ಅದು ಬೆಚ್ಚಗಿನ, ಕ್ಲೋರಿನ್ ಇಲ್ಲದ ಸಿಹಿನೀರಿನ ಜೀವಿ. ಕ್ಲೋರಿನ್ ಸರಿಯಾಗಿರುವ ಕೊಳ ಅದರಿಂದ ಸುರಕ್ಷಿತ. ಮೇಷ್ಟ್ರು ಹೇಳಿದ ಹಲಗೆ ಅದಕ್ಕೂ ಬೇಕು.

ತೋಟದ ಮನೆ (ಸಕಲೇಶಪುರ)

ನಿಮ್ಮ ಬಡಾವಣೆಯ ಹೊರಗಿನ ಮಕ್ಕಳ ಬಗ್ಗೆಯೂ ಯೋಚಿಸಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಪ್ರಪಂಚದಾದ್ಯಂತ ಮೂರು ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತಿದ್ದಾರೆ. ಮುಳುಗುವಿಕೆ ತಡೆಗೆಂದು ವಿಶ್ವಸಂಸ್ಥೆ 2021ರಲ್ಲಿ ಜುಲೈ 25ನ್ನು ಮೀಸಲಿಟ್ಟಿತು. ನಮ್ಮ ಕಡೆ ಕೆರೆ, ನಾಲೆ, ಕಲ್ಲುಕ್ವಾರಿಗಳ ಜೊತೆಗೆ ಈಗ ಕೃಷಿ ಹೊಂಡಗಳೂ ಸೇರಿವೆ. ಕೃಷಿ ಭಾಗ್ಯ ಯೋಜನೆ ಬಂದ 2014ರ ನಂತರ ಹೊಲಹೊಲಗಳಲ್ಲಿ ಹೊಂಡಗಳಾದವು. ರೈತನಿಗೆ ಅವುಗಳಿಂದ ಉಪಕಾರವಾಗಿದೆ. ಆದರೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಇಳಿಜಾರಿನಲ್ಲಿ ಒಮ್ಮೆ ಜಾರಿದರೆ ಈಜು ಬಲ್ಲವನಿಗೂ ಮೇಲೆ ಹತ್ತಲು ಹಿಡಿತ ಸಿಗುವುದಿಲ್ಲ. ನಮ್ಮ ಹೊಂಡಕ್ಕೆ ಬೇಲಿ ಹಾಕಿಸಿ, ಗೂಟಕ್ಕೆ ಕಟ್ಟಿದ ಗಂಟುಗಳ ಹಗ್ಗವನ್ನು ನಾಲ್ಕೂ ಬದಿಯಲ್ಲಿ ನೀರಿಗೆ ಇಳಿಬಿಟ್ಟಿದ್ದೇವೆ.

ಆಗಸ್ಟ್‌ನಿಂದ ನವೆಂಬರ್‌ವರೆಗೆ ಖಾಲಿ ಬೀಳುವ ಬೆಳಗಿನ ಹೊತ್ತಿನಲ್ಲಿ ಸುತ್ತಲಿನ ಸರ್ಕಾರಿ ಶಾಲೆಗಳ ಮಕ್ಕಳನ್ನು ತಂಡ ತಂಡವಾಗಿ ಕರೆಸಿ ಹತ್ತು ಪಾಠ ಕಲಿಸಿ. ಶೈಲಿ ಬೇಡ, ತೇಲುವುದು, ದಡ ಸೇರುವುದು, ಮತ್ತು ಮುಳುಗುತ್ತಿರುವ ಗೆಳೆಯನ ಹಿಂದೆ ತಾನೂ ಹಾರದೆ ಹಗ್ಗವನ್ನೋ ಮುಚ್ಚಳ ಬಿಗಿದ ಖಾಲಿ ಕ್ಯಾನನ್ನೋ ಎಸೆಯುವುದು, ಇಷ್ಟು ಸಾಕು.

ಎರಡನೇ ಅಡ್ಡರಸ್ತೆ

ಉದ್ದೇಶ ದೊಡ್ಡದು, ಒಪ್ಪುತ್ತೇನೆ. ಆದರೆ ಊರಿನ ಮಕ್ಕಳ ಹೊಣೆಯನ್ನು ಒಂದು ಬಡಾವಣೆಯ ಸಂಘ ಹೊರಬೇಕೇ? ಏನಾದರೂ ಅನಾಹುತವಾದರೆ ಪೊಲೀಸರು ಕರೆಯುವುದು ಸಮಿತಿಯವರನ್ನು.

ತೋಟದ ಮನೆ (ಸಕಲೇಶಪುರ)

ಅನಾಹುತದ ಭಯ ನಿಮ್ಮ ಮೊಮ್ಮಗನ ಬ್ಯಾಚಿಗೂ ಅನ್ವಯಿಸುತ್ತದಲ್ಲ. ಜೀವರಕ್ಷಕರನ್ನಿಟ್ಟರೆ ಇಬ್ಬರಿಗೂ ರಕ್ಷಣೆ, ಇಡದಿದ್ದರೆ ಇಬ್ಬರಿಗೂ ಇಲ್ಲ.

ಮಾಜಿ ಈಜುಗಾರ್ತಿ

ಇದನ್ನು ಇನ್ನೂ ಗಟ್ಟಿಯಾಗಿ ಹೇಳಬೇಕು. ಕಲಿಸುವವರೇ ಕಾಯುವವರೂ ಆಗಿರಬಾರದು. ತರಬೇತುದಾರರ ಕಣ್ಣು ತನ್ನ ಮುಂದಿನ ಮಗುವಿನ ಮೇಲಿರುತ್ತದೆ. ಮುಳುಗುವ ಮಗು ಕೂಗುವುದಿಲ್ಲ, ಕೈ ಬೀಸುವುದಿಲ್ಲ, ಒಂದು ನಿಮಿಷದೊಳಗೆ ಸದ್ದಿಲ್ಲದೆ ಕೆಳಗಿಳಿಯುತ್ತದೆ. ದಡದ ಎತ್ತರದ ಕುರ್ಚಿಯಲ್ಲಿ ಮೊಬೈಲ್ ಇಲ್ಲದೆ ಕೂರುವ ಒಬ್ಬರು ಬೇಕು. ರಾಷ್ಟ್ರೀಯ ಲೈಫ್ ಸೇವಿಂಗ್ ಸೊಸೈಟಿಯಂಥ ಸಂಸ್ಥೆಗಳ ಪ್ರಮಾಣಪತ್ರವಿರುವವರನ್ನೇ ಕೇಳಿ. ಚೆನ್ನಾಗಿ ಈಜುವ ಕಾಲೇಜು ಹುಡುಗನಿಗೆ ಸೀಟಿ ಕೊಟ್ಟು ಕೂರಿಸಿದರೆ ಅವನು ಜೀವರಕ್ಷಕನಾಗುವುದಿಲ್ಲ.

ಕಿವಿ ಮೂಗು ಗಂಟಲು

ಮೇಲೆತ್ತಿದ ಮೇಲೆ ಹೊಟ್ಟೆ ಅಮುಕಿ ನೀರು ಕಕ್ಕಿಸುವುದು, ತಲೆಕೆಳಗು ಮಾಡಿ ತಿರುಗಿಸುವುದು ಇವೆಲ್ಲ ಅಮೂಲ್ಯವಾದ ನಿಮಿಷಗಳನ್ನು ಹಾಳುಮಾಡುತ್ತವೆ. ಉಸಿರಾಟ ನಿಂತಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ಬಳಿಕ 30 ಬಾರಿ ಎದೆ ಒತ್ತಿ 2 ಉಸಿರಿನಂತೆ ಮುಂದುವರಿಸುತ್ತ, ಇನ್ನೊಬ್ಬರಿಂದ 108ಕ್ಕೆ ಕರೆ ಮಾಡಿಸಬೇಕು. ಹೃದಯಾಘಾತದಲ್ಲಿ ಎದೆ ಒತ್ತುವುದಷ್ಟೇ ಸಾಕೆಂದು ಕೇಳಿರುತ್ತೀರಿ; ನೀರಿನಲ್ಲಿ ಮುಳುಗಿದವರಿಗೆ ಆಮ್ಲಜನಕವೇ ಮೊದಲ ಕೊರತೆಯಾದ್ದರಿಂದ ಉಸಿರು ಕೊಡುವುದನ್ನು ಬಿಡುವಂತಿಲ್ಲ. ಸಂಘ ಒಪ್ಪಿದರೆ ಪ್ರತಿ ಏಪ್ರಿಲ್‌ನಲ್ಲಿ ಶಿಬಿರಕ್ಕೆ ಮುನ್ನ ಸಿಬ್ಬಂದಿಗೂ ಪೋಷಕರಿಗೂ ನಾನೇ ಬಂದು ಕಲಿಸುತ್ತೇನೆ, ಶುಲ್ಕವಿಲ್ಲದೆ.

ಮೋಟಾರು ರಿಪೇರಿ

ಭರಣಿ ಮಳೆಯ ಗುಡುಗನ್ನು ಮರೆಯಬೇಡಿ. ನಿಮ್ಮ ಶಿಬಿರದ ಸಂಜೆಯ ಬ್ಯಾಚೂ ಅದೂ ಒಂದೇ ಸಮಯಕ್ಕೆ ಬರುತ್ತವೆ. ಗುಡುಗು ಕೇಳಿದ ಕೂಡಲೇ ಎಲ್ಲರನ್ನೂ ಹೊರಗೆ ಕರೆದು, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾದು ಬಿಡಬೇಕು. ದುಡ್ಡು ಕೊಟ್ಟ ಪೋಷಕರು ಗೊಣಗುತ್ತಾರೆಂದು ಸಡಿಲ ಬಿಡಬಾರದು. ನೀರೊಳಗಿನ ದೀಪಗಳು 12 ವೋಲ್ಟಿನವೇ ಎಂದು ನೋಡಿಕೊಳ್ಳಿ. ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನಾಗಿ ಸಂಪರ್ಕ ಕಡಿಯುವ ಸ್ವಿಚ್) ಇಲ್ಲದ ಪಂಪ್ ಕೋಣೆಗೆ ನಾನಂತೂ ಬರಿಗಾಲಲ್ಲಿ ಹೋಗುವುದಿಲ್ಲ.

ಮೂರನೇ ಮುಖ್ಯರಸ್ತೆ

ಸ್ಪರ್ಧೆಯ ತಂಡವನ್ನೇ ಕಟ್ಟಬಾರದೇಕೆ? ಬೆಂಗಳೂರಿನ ದಿನಿಧಿ ದೇಸಿಂಗು 14ನೇ ವಯಸ್ಸಿನಲ್ಲೇ 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದಳು. ನಮ್ಮ ಮಕ್ಕಳಿಗೂ ಪ್ರೋತ್ಸಾಹ ಕೊಟ್ಟರೆ ಆಗದೇ?

ಮಾಜಿ ಈಜುಗಾರ್ತಿ

ಪ್ರತಿಭೆ ಕಂಡ ಮಗುವನ್ನು ಮುಂದಿನ ಕೇಂದ್ರಕ್ಕೆ ದಾಟಿಸುವುದು ನಮ್ಮ ಕೆಲಸ. ಒಲಿಂಪಿಕ್ಸ್ ಮಟ್ಟದ ತಯಾರಿ ನಾಲ್ಕು ಲೇನಿನ ಬಡಾವಣೆಯ ಕೊಳದಲ್ಲಿ ಆಗುವುದಲ್ಲ. ಒಂದು ವಿಷಯ ಮಾತ್ರ ಗಮನಿಸಿ: ಆರಂಭದ ಕಟ್ಟೆಯಿಂದ ಹಾರಲು ಅಂತರರಾಷ್ಟ್ರೀಯ ನಿಯಮದಂತೆ ಕನಿಷ್ಠ 1.35 ಮೀಟರ್ ಆಳ ಬೇಕು. ಮೂರು ಅಡಿಯ ತುದಿಯಲ್ಲಿ ತಲೆಮುಂದಾಗಿ ಹಾರುವುದನ್ನು ದೊಡ್ಡ ಅಕ್ಷರದಲ್ಲಿ ಬರೆದು ನಿಷೇಧಿಸಿ. ಕತ್ತಿನ ಮೂಳೆ ಮುರಿದರೆ ಬಾಳೆಲ್ಲ ಹಾಸಿಗೆ.

ಹೇಮಾವತಿ ತೀರ

ಬರದ ವರ್ಷ ಬಂದರೆ? 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನೇ ನಿಷೇಧಿಸಿ 5,000 ರೂಪಾಯಿ ದಂಡ ಹಾಕಿತ್ತು. ಗೊರೂರು ಜಲಾಶಯ ತಳ ಕಂಡ ವರ್ಷ ನಾವು ಟ್ಯಾಂಕರ್ ನೀರಿನಲ್ಲಿ ಈಜಿದರೆ ಜನ ಏನನ್ನುತ್ತಾರೆ?

ನಿವೃತ್ತ ಇಂಜಿನಿಯರ್

ಒಳ್ಳೆಯ ಪ್ರಶ್ನೆ, ಮತ್ತು ಇದೂ ಖಾಲಿ ಮಾಡಬಾರದೆಂಬುದಕ್ಕೇ ಕಾರಣ. ಒಮ್ಮೆ ತುಂಬಿದ ಕೊಳ ಆವಿಗೆ ಕಳೆದುಕೊಳ್ಳುವುದು ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ಎಂದು ಹಿಡಿದರೂ 1,250 ಲೀಟರ್. ಪ್ರತಿವರ್ಷ ಖಾಲಿ ಮಾಡಿ ತುಂಬಿಸುವವರು ಏಪ್ರಿಲ್‌ನಲ್ಲಿ, ಅಂದರೆ ಊರಿಗೆ ನೀರು ಅತಿ ಕಡಿಮೆಯಿರುವಾಗ, ಒಂದೇ ಏಟಿಗೆ 3.4 ಲಕ್ಷ ಲೀಟರ್ ಕೇಳುತ್ತಾರೆ. ಮಳೆಗಾಲದಲ್ಲಿ ಬಟ್ಟೆ ಬದಲಿಸುವ ಕೋಣೆಯ ಚಾವಣಿಯ ನೀರನ್ನು ತೊಟ್ಟಿಗೆ ಹಿಡಿದು, ಸೋಸಿ, ಹಳೆಯ ನೀರಿನ ಬದಲಿಗೆ ಬಳಸಿ. ಬ್ಯಾಕ್‌ವಾಶ್ ನೀರನ್ನು ಕ್ಲೋರಿನ್ ಇಳಿಯುವವರೆಗೆ ಬಿಟ್ಟು ರಸ್ತೆಯ ಮರಗಳಿಗೆ ಹಾಯಿಸಿ.

ಕೊಳದ ಉಸ್ತುವಾರಿ (ಹಾಸನ)

ಎಲ್ಲರಿಗೂ ಧನ್ಯವಾದ. ಖಾಲಿ ಮಾಡುವ ಪ್ರಸ್ತಾಪವನ್ನು ಸಮಿತಿ ನಿನ್ನೆ ಕೈಬಿಟ್ಟಿತು. ಇಂಜಿನಿಯರ್ ಸರ್ ಬರೆದದ್ದನ್ನು ಹಾಗೆಯೇ ಓದಿ ಹೇಳಿದೆ. ಬೇಸಿಗೆಯ ಶುಲ್ಕಕ್ಕೆ ವಾರಾಂತ್ಯದ ತರಗತಿ ಸೇರಿಸುವುದು ಮತ್ತು ಮಧ್ಯಾಹ್ನದ ಹಿರಿಯರ ಬ್ಯಾಚು ಸಾಮಾನ್ಯ ಸಭೆಯ ಮುಂದೆ ಬರುತ್ತವೆ. ಅಕ್ಟೋಬರ್‌ನಲ್ಲಿ ದಸರಾ ರಜೆಯ ಕಿರು ಶಿಬಿರವನ್ನೂ ಯೋಚಿಸಿದ್ದೇವೆ. ಹಾಸನಾಂಬೆಯ ದರ್ಶನ ಶುರುವಾದ ಮೇಲೆ ಊರಿನ ರಸ್ತೆಗಳಲ್ಲಿ ಮಕ್ಕಳನ್ನು ಕರೆತರುವುದು ಕಷ್ಟವಾದ್ದರಿಂದ ಅದಕ್ಕೆ ಮೊದಲೇ ಮುಗಿಸಬೇಕು. ಶಾಲಾ ಮಕ್ಕಳ ವಿಷಯದಲ್ಲಿ ಒಮ್ಮತವಿಲ್ಲ. ಜೀವರಕ್ಷಕರ ಸಂಬಳ ಎಲ್ಲಿಂದ ಎಂಬುದು ಉಳಿದಿರುವ ದೊಡ್ಡ ಪ್ರಶ್ನೆ.

ಎರಡನೇ ಅಡ್ಡರಸ್ತೆ

ಬೇಸಿಗೆಯ ಉಳಿಕೆಯನ್ನು ಗಣೇಶೋತ್ಸವದ ಪೆಂಡಾಲಿಗೆ ವರ್ಗಾಯಿಸದೆ ಕೊಳದ ಪ್ರತ್ಯೇಕ ಖಾತೆಯಲ್ಲಿಟ್ಟರೆ ಆ ಸಂಬಳ ಹುಟ್ಟುತ್ತದೆ. ಮುಚ್ಚಬೇಕೆಂಬ ನನ್ನ ಮತವನ್ನು ಬಿಟ್ಟಿಲ್ಲ, ಆದರೆ ನಡೆಸುವುದೇ ಆದರೆ ಲೆಕ್ಕ ಪ್ರತ್ಯೇಕವಿರಲಿ, ಪ್ರತಿ ತಿಂಗಳು ಆ ಹಲಗೆಯ ಪಕ್ಕದಲ್ಲೇ ಅಂಟಿಸಲಿ. ಶಾಲಾ ಮಕ್ಕಳ ವಿಷಯಕ್ಕೆ ಒಂದು ಶಾಲೆಯಿಂದ, ಒಂದು ತಂಡದಿಂದ ಶುರು ಮಾಡಿ ನೋಡಿ. ಪೋಷಕರ ಒಪ್ಪಿಗೆ ಬರಹದಲ್ಲಿರಲಿ.

ಗಿರಿಯ ತಪ್ಪಲು (ಚಿಕ್ಕಮಗಳೂರು)

ಮುಚ್ಚಬೇಕೆನ್ನುವವರೇ ನಡೆಸುವ ದಾರಿ ಹೇಳಿಕೊಟ್ಟರು. ಇವರನ್ನು ಖಜಾಂಚಿ ಮಾಡಿ.

ಮಾಜಿ ಈಜುಗಾರ್ತಿ

ಸಾಮಾನ್ಯ ಸಭೆಯನ್ನು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕರೆದಿರುವುದಾಗಿ ಫಲಕದಲ್ಲಿ ನೋಡಿದೆ. ಅದು ಮಹಿಳೆಯರ ಬ್ಯಾಚಿನ ಸಮಯ. ಮತ ಹಾಕಬೇಕಾದವರೆಲ್ಲ ನೀರಿನಲ್ಲಿರುತ್ತಾರೆ. ಸಂಜೆ ನಾಲ್ಕಕ್ಕೆ ಮುಂದೂಡಿ.